ರಾತ್ರಿ ಡ್ಯೂಟಿಯ ಡಾಕ್ಟರು ಮತ್ತು ಎಂಬತ್ತು ಗಂಟೆಗಳ ಕಥೆ

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಎಂಬಿಬಿಎಸ್ ಮುಗಿಸಿ ಈಗ ಹೌಸ್ ಸರ್ಜನ್ ಆಗಿದ್ದಾಳೆ. "ಮಾಮಾ, ನಿನ್ನೆ ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದೋಳು ಇವತ್ತು ಮಧ್ಯಾಹ್ನ ಮೂರಕ್ಕೆ ರೂಮಿಗೆ ಬಂದೆ. ಮಧ್ಯೆ ಊಟ ಮಾಡಿದ್ನೋ ಇಲ್ವೋ ಅದೂ ನೆನಪಿಲ್ಲ" ಅಂದಳು. ನಾನು ಹಿರಿಯನ ಗತ್ತಿನಲ್ಲಿ, "ನಮ್ ಕಾಲದಲ್ಲೂ ಹಂಗೇ ಇತ್ತು ಬಿಡಮ್ಮ, ಹಂಗೇ ಕಲಿಯೋದು" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಯಾಕೋ ಕಸಿವಿಸಿಯಾಯಿತು. ನಮ್ಮ ಕಾಲದಲ್ಲಿ ಏನಾಗುತ್ತಿತ್ತು ಅನ್ನುವುದು ನನಗೆ ಚೆನ್ನಾಗಿ ಗೊತ್ತಿದೆಯಲ್ಲ!

ತೊಂಬತ್ತರ ದಶಕದ ಮಾತು. ಊರು, ಆಸ್ಪತ್ರೆಯ ಹೆಸರು ಬೇಡ. ಮೆಡಿಸಿನ್ ವಾರ್ಡಿನಲ್ಲಿ ನನ್ನದು ಹೌಸ್ ಸರ್ಜನ್ ಡ್ಯೂಟಿ. ಹಿಂದಿನ ದಿನ ಬೆಳಿಗ್ಗೆ ಶುರುವಾದದ್ದು ಆಗಲೇ ಇಪ್ಪತ್ತು ಗಂಟೆ ದಾಟಿತ್ತು. ಪಿ.ಜಿ. ಐ.ಸಿ.ಯು.ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಯೂನಿಟ್ ಚೀಫ್ ಮನೆಯಲ್ಲಿದ್ದರು. ಅವರಿಗೆ ರಾತ್ರಿ ಫೋನ್ ಮಾಡುವುದೆಂದರೆ ನಮ್ಮ ಕೈಲಾಗದತನವನ್ನು ನಾವೇ ಡಂಗುರ ಸಾರಿದ ಹಾಗೆ, ಯಾರೂ ಮಾಡುತ್ತಿರಲಿಲ್ಲ. ವಾಂತಿಭೇದಿಯಿಂದ ನಿತ್ರಾಣವಾಗಿದ್ದ ಒಬ್ಬ ಅಜ್ಜಿಯ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಎಂದು ರಿಪೋರ್ಟ್ ಬಂತು. ಕೇಸ್ ಶೀಟಿನಲ್ಲಿ "ಪೊಟ್ಯಾಸಿಯಂ ಕ್ಲೋರೈಡ್, ಒಂದು ಆಂಪ್ಯೂಲ್, ಐ.ವಿ." ಅಂತ ಗೀಚಿ ಮುಂದಿನ ಮಂಚಕ್ಕೆ ಹೋದೆ.

ಸ್ವಲ್ಪ ಹೊತ್ತಿಗೆ ವಾರ್ಡಿನ ಹಿರಿಯ ಸಿಸ್ಟರ್ ಬಂದರು. "ಡಾಕ್ಟ್ರೇ, ಇದು ಡ್ರಿಪ್ಪಿಗೆ ಹಾಕೋದು ತಾನೇ?"

"ಬರ್ದಿದೀನಲ್ಲ ಸಿಸ್ಟರ್, ನೋಡಿ" ಅಂತ ಸಿಡುಕಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕೇಸ್ ಶೀಟ್ ನನ್ನ ಮುಂದೆ ಹಿಡಿದು, "ನೀವೇ ಒಂದ್ಸಲ ಓದಿ. ಆ ಟ್ರೈನಿ ಹುಡುಗಿ ಸಿರಿಂಜಿಗೆ ಎಳ್ಕೊಂಡು ನಿಂತಿದಾಳೆ" ಅಂದರು.

ಓದಿದೆ. ನಿದ್ದೆ ಹಾರಿಹೋಯಿತು. ಡ್ರಿಪ್ಪಿನ ವಿಷಯ ನಾನು ಬರೆದೇ ಇರಲಿಲ್ಲ. ಪೊಟ್ಯಾಸಿಯಂ ಅನ್ನು ಬಾಟಲಿಯ ದ್ರಾವಣಕ್ಕೆ ಸೇರಿಸಿ ನಿಧಾನವಾಗಿ ಹನಿಸಬೇಕು. ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ಅಲ್ಲಿಗಲ್ಲಿಗೇ ನಿಲ್ಲಬಹುದು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ವಿಷಯ. ಅಜ್ಜಿ ಮೂರನೆಯ ದಿನ ಗುಣವಾಗಿ ಮನೆಗೆ ಹೋದರು. ಹೋಗುವಾಗ ನನ್ನ ತಲೆ ಮುಟ್ಟಿ "ನೂರ್ ವರ್ಷ ಬಾಳಪ್ಪ" ಅಂದರು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಆ ರಾತ್ರಿ ಎಡವಿದ್ದು ನನ್ನ ನಿದ್ದೆಗೆಟ್ಟ ತಲೆಯೋ, ಅಥವಾ ನನ್ನನ್ನು ಒಬ್ಬನನ್ನೇ ಬಿಟ್ಟ ವ್ಯವಸ್ಥೆಯೋ? ಈ ಪ್ರಶ್ನೆಯ ಬೆನ್ನು ಹತ್ತಿ ಆಗಾಗ ಒಂದಿಷ್ಟು ಓದಿದ್ದೇನೆ. ಕಲಿಯುವ ಡಾಕ್ಟರುಗಳ ಚರಿತ್ರೆ ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿದ್ದರೆ ಆ ರಾತ್ರಿ ಚೀಫ್‌ಗೆ ಫೋನ್ ಮಾಡುತ್ತಿದ್ದೆನೋ ಏನೋ.

*

ಕಥೆಯನ್ನು ವಿಯೆನ್ನಾದಿಂದ ಶುರುಮಾಡಬೇಕು. 1840ರ ದಶಕ. ಅಲ್ಲಿನ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯ ವಾರ್ಡಿನಲ್ಲಿ ನೂರು ಬಾಣಂತಿಯರಿಗೆ ಹನ್ನೊಂದಕ್ಕೂ ಹೆಚ್ಚು ಜನ ಸತ್ತರೆ, ಎರಡನೆಯದರಲ್ಲಿ ಮೂರಕ್ಕಿಂತ ಕಡಿಮೆ. ಊರಿಗೆಲ್ಲ ಇದು ಗೊತ್ತಿತ್ತು. ಡಾಕ್ಟರುಗಳ ವಾರ್ಡಿಗೆ ಹಾಕಬೇಡಿ ಎಂದು ಬಸುರಿಯರು ಕಾಲಿಗೆ ಬೀಳುತ್ತಿದ್ದರಂತೆ.

ಅಲ್ಲಿ ಸಹಾಯಕನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಸುಳಿವು ಸಿಕ್ಕಿದ್ದು 1847ರಲ್ಲಿ. ಅವನ ಸ್ನೇಹಿತ, ಪ್ರೊಫೆಸರ್ ಕೊಲೆಚ್ಕಾಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿತು. ಬಾಣಂತಿಯರನ್ನು ಕೊಲ್ಲುತ್ತಿದ್ದ ಸೋಂಕಿನಂಥದೇ ಸೋಂಕಿನಿಂದ ಅವನೂ ತೀರಿಕೊಂಡ. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ್ದೇ ತಡ, ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು.

ಸೆಮ್ಮೆಲ್‌ವೈಸ್ ಎಂದರೆ ಕೈ ತೊಳೆಯುವ ಕಥೆ ಎಂದೇ ನಮಗೆಲ್ಲ ಗೊತ್ತು. ನಾನು ಅದನ್ನು ಇನ್ನೊಂದು ರೀತಿಯಲ್ಲೂ ಓದಿಕೊಳ್ಳುತ್ತೇನೆ. ಆ ಹುಡುಗರು ಸೋಮಾರಿಗಳಲ್ಲ, ದಡ್ಡರೂ ಅಲ್ಲ. ಮೇಷ್ಟ್ರು ಹೇಳಿದ ಹಾಗೆ ಶ್ರದ್ಧೆಯಿಂದ ಶವ ಕೊಯ್ದು ಕಲಿತವರು. ಹೆಚ್ಚು ಅನುಭವ ಬೇಕೆಂದು ಮಾಡಿದ ವ್ಯವಸ್ಥೆಯೇ ಹೆಂಗಸರನ್ನು ಕೊಲ್ಲುತ್ತಿತ್ತು. ಕಲಿಕೆಯ ಲಾಭ ಡಾಕ್ಟರಿಗೆ, ಶುಲ್ಕ ಕಟ್ಟಿದ್ದು ಬಾಣಂತಿಯರು.

*

ಈಗ ನಮಗೆ ಗೊತ್ತಿರುವ 'ರೆಸಿಡೆಂಟ್ ಡಾಕ್ಟರ್' ಪದ್ಧತಿ ರೂಪುಗೊಂಡಿದ್ದು ಅಮೆರಿಕದ ಬಾಲ್ಟಿಮೋರಿನಲ್ಲಿ. 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ ಇಬ್ಬರು ಘಟಾನುಘಟಿಗಳು: ಮೆಡಿಸಿನ್‌ಗೆ ವಿಲಿಯಂ ಆಸ್ಲರ್, ಸರ್ಜರಿಗೆ ವಿಲಿಯಂ ಹಾಲ್‌ಸ್ಟೆಡ್. ಯೂರೋಪಿನಲ್ಲಿ, ಅದರಲ್ಲೂ ಜರ್ಮನ್ ಭಾಷೆಯ ನಾಡುಗಳಲ್ಲಿ, ತಾವು ನೋಡಿ ಬಂದ ಕ್ರಮವನ್ನು ಇವರು ತಮ್ಮದೇ ರೀತಿಯಲ್ಲಿ ಬೆಳೆಸಿದರು. ಕಲಿಯುವ ಡಾಕ್ಟರು ಆಸ್ಪತ್ರೆಯಲ್ಲೇ ವಾಸ ಮಾಡಬೇಕು, ಅದಕ್ಕೇ 'ರೆಸಿಡೆಂಟ್' ಎಂಬ ಹೆಸರು. ಒಂದು ಥರ ಗುರುಕುಲ ಅನ್ನಿ.

ಹಾಲ್‌ಸ್ಟೆಡ್‌ನದು ಪಿರಮಿಡ್ಡಿನಂಥ ವ್ಯವಸ್ಥೆ. ಕೆಳಗೆ ಹಲವರು ಸೇರುತ್ತಿದ್ದರು, ತುದಿ ಮುಟ್ಟುತ್ತಿದ್ದವನು ಒಬ್ಬ. ಇಷ್ಟೇ ವರ್ಷ ಎಂಬ ಗಡುವಿಲ್ಲ, ಗುರುವಿಗೆ ಸಾಕೆನಿಸುವ ತನಕ. ಮೇಲಿನ ಹಂತ ತಲುಪಿದ ರೆಸಿಡೆಂಟ್ ಸ್ವತಂತ್ರವಾಗಿಯೇ ಆಪರೇಷನ್ ಮಾಡುತ್ತಿದ್ದ. ಈ ಮೂಸೆಯಿಂದ ಅಪ್ರತಿಮ ಸರ್ಜನ್ನರು ಹೊರಬಂದರು ಅನ್ನುವುದರಲ್ಲಿ ಸಂಶಯವಿಲ್ಲ.

ಆದರೆ ಹಾಲ್‌ಸ್ಟೆಡ್‌ನ ಬದುಕಿಗೆ ಇನ್ನೊಂದು ಮುಖವಿತ್ತು. 1884ರಲ್ಲಿ ಕೊಕೇನ್ ಮರಗಟ್ಟಿಸುವ ಔಷಧಿ ಎಂದು ಗೊತ್ತಾದಾಗ ಅವನೂ ಅವನ ಸಂಗಡಿಗರೂ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಅದು ಚಟವಾಯಿತು. ಚಟ ಬಿಡಿಸಲು ಕೊಟ್ಟ ಮಾರ್ಫಿನ್ ಇನ್ನೊಂದು ಚಟವಾಗಿ ಅಂಟಿಕೊಂಡಿತು. ಆಸ್ಲರ್ ಗುಟ್ಟಾಗಿ ಬರೆದಿಟ್ಟಿದ್ದ ಟಿಪ್ಪಣಿ 1969ರಲ್ಲಿ ಹೊರಬಂದಾಗ ಇದು ಲೋಕಕ್ಕೆ ಖಚಿತವಾಯಿತು. ಕೊಕೇನಿನ ಅಮಲಿನಲ್ಲಿ ನಿದ್ದೆಗೆಟ್ಟವನು ಎಲ್ಲರನ್ನೂ ನಿದ್ದೆಗೆಡಿಸಿದ ಎಂದು ಕೆಲವರು ಹೇಳುವುದುಂಟು. ಅದು ಅತಿಯಾದ ಮಾತು ಅಂತ ನನಗನಿಸುತ್ತದೆ. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಹಾಲ್‌ಸ್ಟೆಡ್ ವಾರ್ಡಿನಿಂದ ಬಹಳ ದಿನ ದೂರವಿರುತ್ತಿದ್ದ. ಬೇಸಗೆಯಲ್ಲಿ ತಿಂಗಳುಗಟ್ಟಲೆ ಉತ್ತರ ಕ್ಯಾರೊಲಿನಾದ ಬೆಟ್ಟದ ಮನೆಗೆ ಹೋಗಿಬಿಡುತ್ತಿದ್ದ. ವಾರ್ಡು ನಡೆಸುತ್ತಿದ್ದವರು ರೆಸಿಡೆಂಟರು.

ಆಸ್ಲರ್ ಇದಕ್ಕೆ ತದ್ವಿರುದ್ಧ. ರೋಗಿಯ ಮಂಚದ ಪಕ್ಕ ನಿಂತೇ ಪಾಠ. ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದೆ ಎಂಬುದೊಂದನ್ನೇ ತನ್ನ ಸಮಾಧಿಯ ಮೇಲೆ ಬರೆದರೆ ಸಾಕು ಎಂದಿದ್ದವನು ಆತ. ಈ ಇಬ್ಬರಿಂದಲೂ ಮುಂದಿನವರು ಕಲಿತರು ಎನ್ನುತ್ತಾರೆ. ಆದರೆ ದುಡ್ಡಿನ ಲೆಕ್ಕ ಹಾಕುವ ಆಸ್ಪತ್ರೆಗಳಿಗೆ ಹಾಲ್‌ಸ್ಟೆಡ್‌ನ ಅರ್ಧವೇ ಹೆಚ್ಚು ಹಿಡಿಸಿತೋ ಏನೋ! ಹಗಲಿರುಳು ದುಡಿಯುವ ಅಗ್ಗದ ಡಾಕ್ಟರು ಸಿಕ್ಕರು. ಹಿರಿಯರು ರಾತ್ರಿ ಮನೆಯಲ್ಲಿ ಮಲಗಬಹುದಾಯಿತು. ವಾರಕ್ಕಿರುವುದು 168 ಗಂಟೆ. ಅದರಲ್ಲಿ ನೂರಕ್ಕೂ ಮೀರಿ ಕೆಲಸ ಮಾಡುವುದು ಅಮೆರಿಕದ ರೆಸಿಡೆಂಟರಿಗೆ ಮಾಮೂಲಾಯಿತು. ಅದನ್ನು ಸಹಿಸಿಕೊಂಡವನೇ ಗಂಡು ಎಂಬ ಹೆಮ್ಮೆಯೂ ಜೊತೆಗೆ ಸೇರಿಕೊಂಡಿತು.

*

ಆ ಹೆಮ್ಮೆಗೆ ಪೆಟ್ಟು ಬಿದ್ದಿದ್ದು 1984ರ ಮಾರ್ಚ್ 4ರ ರಾತ್ರಿ.

ಲಿಬ್ಬಿ ಜಯಾನ್ ಹದಿನೆಂಟು ವರ್ಷದ ಕಾಲೇಜು ಹುಡುಗಿ. ಜೋರು ಜ್ವರ, ಮೈ ನಡುಕ, ಚಡಪಡಿಕೆ ಎಂದು ನ್ಯೂಯಾರ್ಕ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಪ್ಪ ಅಮ್ಮ ಕರೆತಂದರು. ಖಿನ್ನತೆಗೆ ಫೀನಲ್ಜಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಅವಳನ್ನು ನೋಡಿಕೊಂಡವರು ಇಬ್ಬರು: ಎಂಟೇ ತಿಂಗಳ ಅನುಭವವಿದ್ದ ಮೊದಲ ವರ್ಷದ ಇಂಟರ್ನ್ ಮತ್ತು ಎರಡನೆಯ ವರ್ಷದ ರೆಸಿಡೆಂಟ್. ಹಿರಿಯ ಡಾಕ್ಟರು ಫೋನಿನಲ್ಲಿ ಮಾತಾಡಿದರು, ಬಂದು ನೋಡಲಿಲ್ಲ. ವೈರಲ್ ಜ್ವರವಿರಬೇಕು ಎಂದುಕೊಂಡರು. ನಡುಕ ನಿಲ್ಲಲು ಪೆಥಿಡಿನ್ ಕೊಟ್ಟರು.

ಫೀನಲ್ಜಿನ್ ಮತ್ತು ಪೆಥಿಡಿನ್ ಒಟ್ಟಿಗೆ ಸೇರಬಾರದು. ಸೇರಿದರೆ ಜ್ವರ ಕೈಮೀರಿ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಇವತ್ತು ಇದಕ್ಕೆ ಸೆರೊಟೋನಿನ್ ಸಿಂಡ್ರೋಮ್ ಎಂಬ ಹೆಸರಿದೆ, ಆಗ ಬಹಳ ಜನ ಡಾಕ್ಟರುಗಳಿಗೇ ಅದು ತಿಳಿದಿರಲಿಲ್ಲ. ಪೆಥಿಡಿನ್ ಕೊಟ್ಟ ಮೇಲೆ ರೆಸಿಡೆಂಟ್ ಮಲಗಲು ಹೋದರು. ಇಂಟರ್ನ್ ಮೇಲೆ ಸುಮಾರು ನಲವತ್ತು ರೋಗಿಗಳ ಹೊಣೆಯಿತ್ತು. ಹುಡುಗಿಯ ಚಡಪಡಿಕೆ ಹೆಚ್ಚಾಯಿತು. ನರ್ಸ್ ಫೋನ್ ಮಾಡಿದರು. ಇಂಟರ್ನ್ ಬರಲಾಗಲಿಲ್ಲ. ಕೈಕಾಲು ಕಟ್ಟಲು, ಹ್ಯಾಲೊಪೆರಿಡಾಲ್ ಕೊಡಲು ಫೋನಿನಲ್ಲೇ ಆದೇಶ ಹೋಯಿತು. ಬೆಳಗಿನ ಜಾವ ಜ್ವರ ನೋಡಿದರೆ 107 ಡಿಗ್ರಿ. ಹೃದಯ ನಿಂತಿತು, ಮತ್ತೆ ಹೊಡೆದುಕೊಳ್ಳಲಿಲ್ಲ.

ಅಪ್ಪ ಸಿಡ್ನಿ ಜಯಾನ್ ವಕೀಲನೂ ಹೌದು, ಪತ್ರಕರ್ತನೂ ಹೌದು. ಸುಮ್ಮನೆ ಕೂರಲಿಲ್ಲ. ತನ್ನ ಮಗಳದು ಕೊಲೆ ಎಂದೇ ಸಾರಿದ. ಗ್ರ್ಯಾಂಡ್ ಜ್ಯೂರಿಯ ಮುಂದೆ ವಿಷಯ ಹೋಯಿತು. 1986ರಲ್ಲಿ ಆ ಜ್ಯೂರಿ ಡಾಕ್ಟರುಗಳ ಮೇಲೆ ಕ್ರಿಮಿನಲ್ ಆರೋಪ ಹೊರಿಸಲು ಒಪ್ಪಲಿಲ್ಲ, ಬದಲಿಗೆ ಇಡೀ ತರಬೇತಿ ಪದ್ಧತಿಯ ಮೇಲೆಯೇ ಬೊಟ್ಟು ಮಾಡಿತು. ಸಿವಿಲ್ ದಾವೆ ಮುಗಿದದ್ದು 1995ರಲ್ಲಿ. ಕೊಕೇನ್ ಸೇವಿಸಿದ್ದನ್ನು ಹುಡುಗಿ ಮುಚ್ಚಿಟ್ಟಳು ಎಂದು ಹೇಳಿ ತಪ್ಪಿನಲ್ಲಿ ಅರ್ಧ ಅವಳ ಪಾಲಿಗೂ ಹಾಕಿದರು. ಅಪ್ಪನಿಗೆ ಅದು ಎರಡನೆಯ ಸಾವು.

ಗ್ರ್ಯಾಂಡ್ ಜ್ಯೂರಿಯ ವರದಿಯ ಬೆನ್ನಿಗೇ ನ್ಯೂಯಾರ್ಕ್ ರಾಜ್ಯ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಬರ್ಟ್ರಂಡ್ ಬೆಲ್ ಎಂಬ ಪ್ರೊಫೆಸರ್. ಸಮಿತಿಯ ಸಲಹೆಯಂತೆ 1989ರ ಜುಲೈನಿಂದ ನಿಯಮ ಬಂತು: ವಾರಕ್ಕೆ ಸರಾಸರಿ 80 ಗಂಟೆ, ಒಂದೇ ಪಟ್ಟಿಗೆ 24 ಗಂಟೆ ಮೀರಬಾರದು, ಮತ್ತು ಅನುಭವಿ ಡಾಕ್ಟರು ಹಗಲೂ ರಾತ್ರಿ ಆಸ್ಪತ್ರೆಯಲ್ಲೇ ಇದ್ದು ಕಿರಿಯರ ಮೇಲೆ ನಿಗಾ ಇಡಬೇಕು.

ಈ ಕೊನೆಯ ಭಾಗ ಗಮನಿಸಿ. ಪತ್ರಿಕೆಗಳ ತಲೆಬರಹಕ್ಕೆ ಹತ್ತಿದ್ದು 80 ಗಂಟೆ. ಜನರ ಬಾಯಲ್ಲಿ ಉಳಿದದ್ದೂ 80 ಗಂಟೆ. ಪಕ್ಕದಲ್ಲಿ ಒಬ್ಬ ಹಿರಿಯರಿರಬೇಕು ಎನ್ನುವುದು ಮರೆತೇಹೋಯಿತು. ಬೆಲ್ ಅವರಿಗೇ ಇದು ಬೇಸರ ತಂದಿರಬೇಕು. 1993ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಗೆ ಕಾಗದ ಬರೆದು, ರೋಗಿಯ ಆರೈಕೆ ಸುಧಾರಿಸುವ ಕೀಲಿಕೈ ಹಿರಿಯರ ಮೇಲ್ವಿಚಾರಣೆಯೇ ಹೊರತು ಗಂಟೆಗಳ ನಿಯಂತ್ರಣವಲ್ಲ ಎಂದು ಹೇಳಿದರು. ಅಂದ ಹಾಗೆ, ಗಂಟೆಯ ನಿಯಮವಾದರೂ ಪಾಲನೆಯಾಯಿತೇ? 1998ರಲ್ಲಿ ರಾಜ್ಯದವರು ಹೇಳದೇ ಕೇಳದೇ ಹೋಗಿ ತಪಾಸಣೆ ಮಾಡಿದಾಗ ಎಷ್ಟೋ ಆಸ್ಪತ್ರೆಗಳಲ್ಲಿ ಉಲ್ಲಂಘನೆ ಸಿಕ್ಕಿತು.

*

2003ರಲ್ಲಿ 80 ಗಂಟೆಯ ಮಿತಿ ಇಡೀ ಅಮೆರಿಕಕ್ಕೆ ಬಂತು. ಆಮೇಲಿನದು ಅಧ್ಯಯನಗಳ ಕಾಲ. ಇಲ್ಲಿಂದ ಕಥೆ ನಾನಂದುಕೊಂಡಿದ್ದಕ್ಕಿಂತ ಸಿಕ್ಕುಸಿಕ್ಕಾಗುತ್ತದೆ.

ಮೊದಲು ನಿದ್ದೆಯ ಪರ ಸಾಕ್ಷಿ. 2004ರಲ್ಲಿ ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯ ಐ.ಸಿ.ಯು.ಗಳಲ್ಲಿ ಇಂಟರ್ನ್‌ಗಳನ್ನು ಹಿಂದೆಯೇ ನಿಂತು ಗಮನಿಸಿದರು. ಹಳೆಯ ಉದ್ದ ಪಾಳಿಯಲ್ಲಿ, ಚಿಕ್ಕ ಪಾಳಿಗಿಂತ ಗಂಭೀರ ತಪ್ಪುಗಳು ಶೇಕಡಾ 36ರಷ್ಟು ಹೆಚ್ಚು. ಮರುವರ್ಷದ ಅಧ್ಯಯನದಲ್ಲಿ, ಉದ್ದ ಪಾಳಿ ಮುಗಿಸಿ ಕಾರು ಓಡಿಸಿಕೊಂಡು ಹೋಗುವ ಇಂಟರ್ನ್ ಅಪಘಾತ ಮಾಡಿಕೊಳ್ಳುವ ಸಂಭವ ಎರಡು ಪಟ್ಟಿಗೂ ಜಾಸ್ತಿ ಎಂದು ಕಂಡಿತು. ನಿದ್ದೆಗೆಟ್ಟರೂ ನನಗೇನೂ ಆಗಲ್ಲ ಎನ್ನುವ ನಮ್ಮ ಜಂಬಕ್ಕೆ ಇದು ಸಾಕು. 2011ರಲ್ಲಿ ಮೊದಲ ವರ್ಷದವರಿಗೆ 16 ಗಂಟೆಯ ಮಿತಿ ಹಾಕಿದರು.

ಆಮೇಲೆ ಇನ್ನೊಂದು ಬದಿ. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುವುದು ಹೆಚ್ಚಾಗುತ್ತದೆ. ಸಂಜೆ ಬಂದವನಿಗೆ ಬೆಳಗಿನ ಕಥೆ ಗೊತ್ತಿಲ್ಲ. 117 ಸರ್ಜರಿ ತರಬೇತಿ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಪಾಳಿಯ ಮಿತಿಯನ್ನು ಸಡಿಲಿಸಿ ನೋಡಿದರು. ವಾರದ 80 ಗಂಟೆ ಮಾತ್ರ ಎರಡೂ ಕಡೆ ಹಾಗೇ ಇತ್ತು. 2016ರಲ್ಲಿ ಫಲಿತಾಂಶ ಬಂದಾಗ ರೋಗಿಗಳ ಸಾವು, ತೀವ್ರ ತೊಡಕುಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಮೆಡಿಸಿನ್ ವಿಭಾಗದ ಇಂಥದ್ದೇ ಅಧ್ಯಯನದಲ್ಲೂ ಸಾವಿನ ಪ್ರಮಾಣ ಬದಲಾಗಲಿಲ್ಲ. 2017ರಲ್ಲಿ 16 ಗಂಟೆಯ ಮಿತಿಯನ್ನು ಕೈಬಿಟ್ಟು ಮತ್ತೆ 24ಕ್ಕೆ ಹೋದರು.

ಹಾಗಾದರೆ ಹಳಬರ ಮಾತೇ ಸರಿ, ನಿದ್ದೆಗೆಟ್ಟೇ ಕಲಿಯಬೇಕು ಅನ್ನೋಣವೇ? ತಡೆಯಿರಿ. ನನ್ನ ಕಣ್ಣು ತೆರೆಸಿದ್ದು 2020ರ ಒಂದು ಅಧ್ಯಯನ. ಆರು ಮಕ್ಕಳ ಐ.ಸಿ.ಯು.ಗಳಲ್ಲಿ ಪಾಳಿಯನ್ನು 16 ಗಂಟೆಗೆ ಇಳಿಸಿ ನೋಡಿದರು. ತಪ್ಪುಗಳು ಕಡಿಮೆಯಾಗುವ ಬದಲು ಜಾಸ್ತಿಯಾದವು! ಕಾರಣ ಹುಡುಕಿದರೆ, ಪಾಳಿ ಕತ್ತರಿಸಿದ ಕಡೆ ಒಬ್ಬೊಬ್ಬ ರೆಸಿಡೆಂಟ್ ಪಾಲಿಗೆ ಹೆಚ್ಚು ಮಕ್ಕಳು ಬಂದಿದ್ದರು. ಆ ಲೆಕ್ಕ ಸರಿದೂಗಿಸಿ ನೋಡಿದಾಗ ವ್ಯತ್ಯಾಸ ಮಾಯವಾಯಿತು. ಗಂಟೆ ಕಡಿಮೆ ಮಾಡಿ ರೋಗಿಗಳನ್ನು ಹೆಚ್ಚು ಹೇರಿದರೆ ಉಳಿದದ್ದೇನು?

ಇನ್ನೊಂದು ಒಳ್ಳೆಯ ಸುದ್ದಿಯೂ ಇದೆ. 2014ರಲ್ಲಿ ಒಂಬತ್ತು ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವಾಗ ರೋಗಿಯ ವಿವರವನ್ನು ಕ್ರಮಬದ್ಧವಾಗಿ ಒಪ್ಪಿಸುವುದನ್ನು ಕಲಿಸಿದರು. ಅವರ ಸ್ಥಿತಿ ಎಷ್ಟು ಗಂಭೀರ, ಈಗೇನು ಮಾಡಬೇಕು, ಏನಾದರೆ ಏನು ಮಾಡಬೇಕು ಎಂದು ಹೇಳಿ, ಕೇಳಿಸಿಕೊಂಡವನು ತಿರುಗಿ ಒಪ್ಪಿಸಬೇಕು, ಅಷ್ಟೇ. ತಪ್ಪುಗಳು ಶೇಕಡಾ 23ರಷ್ಟು ಇಳಿದವು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದಿಷ್ಟು. ನಿದ್ದೆ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಕೈಯಲ್ಲಿ ಗಡಿಯಾರ ಹಿಡಿದು ಕೂತರೆ ಮಾತ್ರ ರೋಗಿ ಉಳಿಯುವುದಿಲ್ಲ. ಕಲಿಯುವವನ ಮೇಲೆ ಎಷ್ಟು ರೋಗಿಗಳ ಭಾರವಿದೆ, ಮುಂದಿನವನಿಗೆ ಹೇಗೆ ಒಪ್ಪಿಸುತ್ತಾನೆ, ಅನುಮಾನ ಬಂದಾಗ ಕೇಳಲು ಪಕ್ಕದಲ್ಲಿ ಯಾರಿದ್ದಾರೆ, ಕೇಳಿದರೆ ಅವಮಾನ ಮಾಡುತ್ತಾರೋ ಇಲ್ಲವೋ... ಲಿಬ್ಬಿ ಜಯಾನ್ ಸತ್ತ ರಾತ್ರಿ ಈ ನಾಲ್ಕರಲ್ಲಿ ಭಾರ ಅತಿಯಾಗಿತ್ತು, ಹಿರಿಯರು ದೂರವಿದ್ದರು. ಆ ಇಂಟರ್ನ್ ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದರೂ ನಲವತ್ತು ರೋಗಿಗಳ ನಡುವೆ ಒಬ್ಬರೇ ಇರುತ್ತಿದ್ದರು.

*

ನಮ್ಮಲ್ಲಿ? ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಮುಂದಿದ್ದೆವು ಎಂದರೆ ನಂಬುತ್ತೀರಾ? 1992ರಲ್ಲೇ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆಯ ಸುತ್ತೋಲೆ, ಕಿರಿಯ ರೆಸಿಡೆಂಟರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರದ ಕೆಲಸ ಎಂದು ಹೇಳಿತ್ತು. ಜೊತೆಗೆ 'ಕೆಲಸದ ಅಗತ್ಯಕ್ಕೆ ಒಳಪಟ್ಟು' ಎಂಬರ್ಥದ ಒಂದು ಬಾಲ. ಆ ಬಾಲವೇ ಇಡೀ ಆನೆಯಾಯಿತು. ನಾನು ಹೌಸ್ ಸರ್ಜನ್ ಆಗಿದ್ದಾಗ ಇಂಥದ್ದೊಂದು ಸುತ್ತೋಲೆ ಇದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಸ್ನಾತಕೋತ್ತರ ನಿಯಮದಲ್ಲಿ ಸಂಖ್ಯೆಯೇ ಇಲ್ಲ, 'ಸಮಂಜಸ' ಕೆಲಸದ ಅವಧಿ ಮತ್ತು 'ಸಮಂಜಸ' ವಿಶ್ರಾಂತಿ ಎಂದಿದೆ. ಸಮಂಜಸ ಯಾವುದೆಂದು ನಿರ್ಧರಿಸುವವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ಅದೇ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಬೇಕು ಎಂದು ಶಿಫಾರಸು ಮಾಡಿತು.

ಗಂಟೆಗಳ ಬಗ್ಗೆ ಇಷ್ಟಾದರೂ ಮಾತಿದೆ. ರಾತ್ರಿ ಎರಡು ಗಂಟೆಗೆ ಹೌಸ್ ಸರ್ಜನ್ ಪಕ್ಕದಲ್ಲಿ ಯಾರಿರಬೇಕು ಎಂಬ ಮಾತು ಮಾತ್ರ ನನ್ನ ಕಿವಿಗೆ ಅಪರೂಪಕ್ಕೂ ಬೀಳುವುದಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಬರುವವರು ಬಡವರು. ವಿಯೆನ್ನಾದ ಆ ಬಾಣಂತಿಯರ ಹಾಗೆ ಆ ವಾರ್ಡು ಬೇಡ, ಈ ವಾರ್ಡು ಕೊಡಿ ಎಂದು ಕೇಳುವಷ್ಟೂ ಅವರಿಗೆ ಗೊತ್ತಿರುವುದಿಲ್ಲ. ನಾವೆಲ್ಲ ಅವರ ಮೈಮೇಲೆಯೇ ಕಲಿತು, ಆಮೇಲೆ ಪಟ್ಟಣದಲ್ಲಿ ಬೋರ್ಡು ಹಾಕಿಕೊಂಡವರು. ಆ ಸಾಲ ತೀರಿಸಲಾಗದು. ಸಾಲ ಕೊಟ್ಟವರನ್ನು ಕೊಲ್ಲದ ಹಾಗಾದರೂ ನೋಡಿಕೊಳ್ಳಬೇಕಲ್ಲ.

ಆ ಅಜ್ಜಿಯನ್ನು ಉಳಿಸಿದ್ದು ನನ್ನ ಓದಲ್ಲ, ನಿಯಮವೂ ಅಲ್ಲ. ನಾನು ಸಿಡುಕಿದರೂ ಹಿಂಜರಿಯದೆ ಕೇಸ್ ಶೀಟನ್ನು ನನ್ನ ಮೂಗಿನ ಮುಂದೆ ಹಿಡಿದ ಆ ಸಿಸ್ಟರ್. ಅವತ್ತು ನನಗಿದ್ದ ಹಿರಿಯ ಮೇಲ್ವಿಚಾರಕರು ಅವರೊಬ್ಬರೇ. ಅವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ನಾನು.

ಇಷ್ಟು ಬರೆದು ನಿನ್ನೆ ರಾತ್ರಿ ಮತ್ತೆ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಎಷ್ಟು ಗಂಟೆ ಕೆಲಸ ಮಾಡಿದೆ ಅಂತ ಕೇಳಲಿಲ್ಲ. "ರಾತ್ರಿ ಡೌಟ್ ಬಂದ್ರೆ ಯಾರನ್ನ ಕೇಳ್ತೀಯಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪಿ.ಜಿ. ಇರ್ತಾರೆ, ಆದ್ರೆ ಕೇಳಿದ್ರೆ ಬೈತಾರೆ ಮಾಮಾ. ಸಿಸ್ಟರ್ ಒಬ್ರಿದಾರೆ, ಅವ್ರನ್ನ ಕೇಳ್ತೀನಿ" ಅಂದಳು.

"ಬೈದ್ರೆ ಬೈಸ್ಕೋ, ಆದ್ರೂ ಕೇಳು. ಸಿಸ್ಟರ್ ಏನಾದ್ರೂ ಹೇಳಿದ್ರೆ ಸಿಡುಕಬೇಡ" ಅಂದೆ. ನಮ್ಮ ಕಾಲದ ಮಾತು ಈ ಸಲ ಎತ್ತಲಿಲ್ಲ.

ನಿಮ್ಮ ಮನೆಯಲ್ಲೂ, ನೆಂಟರಲ್ಲೂ ಹೌಸ್ ಸರ್ಜನ್ನರು, ಪಿ.ಜಿ.ಗಳು ಇದ್ದೇ ಇರುತ್ತಾರೆ. ಅವರನ್ನೂ ಒಮ್ಮೆ ಇದೇ ಪ್ರಶ್ನೆ ಕೇಳಿ ನೋಡಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.